ಚರಂಡಿಯ ನೀರು ಮತ್ತು ನ್ಯಾಯದ ದಾರಿ

(ಪಟ್ಟಣವೊಂದರ ಮೊಹಲ್ಲಾ ನಿವಾಸಿಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಸಭೆಗೆ ನನ್ನನ್ನು ಆಹ್ವಾನಿಸಿದ ಗೆಳೆಯರು "ಯಾವ ವಿಷಯದ ಮೇಲೆ ಮಾತಾಡುತ್ತೀರಿ?" ಎಂದು ಕೇಳಿದಾಗ, "ಚರಂಡಿಯ ಮೇಲೆ" ಎಂದೆ. ಅವರು ಒಂದು ಕ್ಷಣ ಸುಮ್ಮನಾದರು. ಅವರ ಮೌನ ನನಗೆ ಅರ್ಥವಾಯಿತು. ನಮ್ಮ ಸಭೆಗಳಲ್ಲಿ ದಿಲ್ಲಿಯ ಕುರಿತು ಚರ್ಚೆಯಾಗುತ್ತದೆ, ಬೆಂಗಳೂರಿನ ಕುರಿತು ಚರ್ಚೆಯಾಗುತ್ತದೆ, ಸಮುದ್ರದಾಚೆಯ ರಾಷ್ಟ್ರಗಳ ಕುರಿತೂ ಬಿಸಿಬಿಸಿ ವಾಗ್ವಾದ ನಡೆಯುತ್ತದೆ. ಆದರೆ ಸಭೆ ಮುಗಿಸಿ ಹೊರಬಂದವರು ಮೂಗು ಮುಚ್ಚಿಕೊಂಡು ಮನೆಗೆ ನಡೆಯುತ್ತಾರೆ. ಆ ಮೂಗು ಮುಚ್ಚಿಸಿದ ದುರ್ವಾಸನೆಯ ಬಗ್ಗೆ ಮಾತ್ರ ಚರ್ಚೆಯಾಗುವುದಿಲ್ಲ.

ನಮ್ಮ ದೈನಂದಿನ ಬದುಕನ್ನು ಸಂಸತ್ತಿಗಿಂತ ಹೆಚ್ಚಾಗಿ ತಟ್ಟುವುದು ಪುರಸಭೆಯ ಆ ಪುಟ್ಟ ಸಭಾಂಗಣ. ನಲ್ಲಿಯಲ್ಲಿ ನೀರು ಬರಬೇಕೋ ಬೇಡವೋ, ಬೀದಿದೀಪ ಉರಿಯಬೇಕೋ ಬೇಡವೋ, ಯಾರ ಅಂಗಡಿಗೆ ಪರವಾನಿಗೆ, ಯಾರ ಮನೆಗೆ ನೋಟಿಸು, ಯಾವ ಓಣಿಗೆ ಕಾಂಕ್ರೀಟು ಎಂಬುದೆಲ್ಲ ಅಲ್ಲಿಯೇ ತೀರ್ಮಾನವಾಗುತ್ತದೆ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ನಗರ ಸಂಸ್ಥೆಗಳಿಗೆ ಸಾಂವಿಧಾನಿಕ ಸ್ಥಾನಮಾನ ನೀಡಿತು. ಸಂವಿಧಾನದ ಹನ್ನೆರಡನೇ ಅನುಸೂಚಿಯಲ್ಲಿ 18 ವಿಷಯಗಳ ಪಟ್ಟಿಯೇ ಇದೆ. ರಸ್ತೆ, ಕುಡಿಯುವ ನೀರು, ನೈರ್ಮಲ್ಯ, ಕೊಳೆಗೇರಿಗಳ ಸುಧಾರಣೆ, ಬೀದಿದೀಪ, ಕಸಾಯಿಖಾನೆಗಳ ನಿಯಂತ್ರಣ ಎಲ್ಲವೂ ಅದರಲ್ಲಿವೆ. ಸತ್ತ ನಂತರ ನಮ್ಮನ್ನು ಮಲಗಿಸುವ ದಫನ ಭೂಮಿಯೂ ಆ ಪಟ್ಟಿಯಲ್ಲಿದೆ. ಅಂದರೆ ಜನನ ಪ್ರಮಾಣಪತ್ರದಿಂದ ದಫನ ಭೂಮಿಯ ತನಕ ನಮ್ಮ ಬದುಕು ಆ ಕಟ್ಟಡದ ಕಡತಗಳ ಮೂಲಕವೇ ಹಾದು ಹೋಗುತ್ತದೆ. ಆದರೆ ನಮ್ಮಲ್ಲಿ ಎಷ್ಟು ಮಂದಿ ಆ ಕಟ್ಟಡದ ಮೆಟ್ಟಿಲು ಹತ್ತಿದ್ದೇವೆ? ಹತ್ತಿದ್ದರೂ ಯಾರದಾದರೂ ಶಿಫಾರಸು ಹಿಡಿದುಕೊಂಡೇ ಹೊರತು ಒಬ್ಬ ನಾಗರಿಕನಾಗಿ ಹತ್ತಿದ್ದೇವೆಯೇ?

ನನ್ನದೇ ಒಂದು ಅನುಭವ ಹೇಳಿ ಮುಂದುವರಿಯುತ್ತೇನೆ. ನಾನು ಬೆಳೆದ ಓಣಿಯಲ್ಲಿ ಒಂದು ತೆರೆದ ಚರಂಡಿಯಿತ್ತು. ಕುಡಿಯುವ ನೀರಿನ ಕೊಳವೆ ಅದರ ಒಳಗಿನಿಂದಲೇ ಹಾದು ಹೋಗಿತ್ತು. ಪ್ರತಿ ಮಳೆಗಾಲದಲ್ಲೂ ಕೊಳಚೆ ನೀರು ಹೊಸ್ತಿಲು ದಾಟಿ ಒಳಬರುತ್ತಿತ್ತು. ಹಿರಿಯರು ಹಲವು ಬಾರಿ ಕಚೇರಿಗೆ ಹೋದರು. "ಅನುದಾನ ಬಂದಿಲ್ಲ" ಎಂಬ ಒಂದೇ ಉತ್ತರ. ಒಂದು ವರ್ಷ ಕೊಳವೆ ಸೋರಿ ಓಣಿಯ ಮನೆಮನೆಗಳಲ್ಲಿ ಕಾಮಾಲೆ ಕಾಣಿಸಿಕೊಂಡಿತು. ನೆರೆಮನೆಯ ರಿಕ್ಷಾ ಚಾಲಕರ ಮಗಳು ವಾರಗಟ್ಟಲೆ ಹಾಸಿಗೆ ಹಿಡಿದಳು. ಮಗು ಉಳಿಯಿತು, ಆದರೆ ಆಸ್ಪತ್ರೆಯ ಖರ್ಚಿಗಾಗಿ ಆ ತಂದೆ ತನ್ನ ರಿಕ್ಷಾ ಮಾರಬೇಕಾಯಿತು. ಅಂದು ಇಡೀ ಓಣಿ ಪುರಸಭೆಯನ್ನು ಶಪಿಸಿತು. ನಾನೂ ಶಪಿಸಿದೆ.

ಕೊನೆಗೊಮ್ಮೆ ಕೆಲಸದವರು ಬಂದು ಚರಂಡಿಯನ್ನು ಪರಿಶೀಲಿಸಿದಾಗ ಇನ್ನೊಂದು ಸತ್ಯ ಹೊರಬಿತ್ತು. ನೀರು ಕಟ್ಟಿ ನಿಲ್ಲುತ್ತಿದ್ದದ್ದು ಮೂರು ಕಡೆ. ಮೂರೂ ಕಡೆ ಚರಂಡಿಯ ಮೇಲೆ ಅಂಗಡಿಯವರು ಕಲ್ಲುಚಪ್ಪಡಿ ಹಾಸಿ ಗಾರೆ ಹಾಕಿಬಿಟ್ಟಿದ್ದರು. ಆ ಮೂರರಲ್ಲಿ ಒಂದು ಅಂಗಡಿ ನಮ್ಮ ತಂದೆಯವರದು. ಆ ಚಪ್ಪಡಿಯ ಮೇಲೆ ಕುಳಿತು ನಾನು ಬಾಲ್ಯದಲ್ಲಿ ಪಾಠ ಓದಿದ್ದೆ. ಅದರ ಕೆಳಗೆ ಏನು ಸಿಕ್ಕಿಕೊಂಡಿದೆಯೆಂದು ಯಾರೂ ಯೋಚಿಸಿರಲಿಲ್ಲ. ತಂದೆಯವರು ಮರುದಿನವೇ ಅದನ್ನು ಒಡೆಸಿದರು. ಆದರೆ ಮಾರಿದ ರಿಕ್ಷಾ ಮರಳಿ ಬರಲಿಲ್ಲ.

ಆದ್ದರಿಂದ ನಾನು ಇಂದು ಮಾತಾಡುವುದು ದೂರು ಕೊಡುವವನಾಗಿ ಮಾತ್ರವಲ್ಲ, ದೂರಿಗೆ ಗುರಿಯಾಗಬೇಕಾದವನಾಗಿಯೂ ಹೌದು.

ಸಹೋದರರೇ, "ಅನುದಾನ ಇಲ್ಲ" ಎಂಬ ಉತ್ತರಕ್ಕೆ ಈ ದೇಶದ ಸರ್ವೋಚ್ಚ ನ್ಯಾಯಾಲಯ ನಾಲ್ಕು ದಶಕಗಳ ಹಿಂದೆಯೇ ಪ್ರತ್ಯುತ್ತರ ಕೊಟ್ಟಿದೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಮಧ್ಯಪ್ರದೇಶದ ರತ್ಲಾಮ್ ಎಂಬ ಪಟ್ಟಣ. ಅಲ್ಲಿನ 12ನೇ ವಾರ್ಡಿನ ನ್ಯೂ ರೋಡ್ ಎಂಬ ರಸ್ತೆ. ಚರಂಡಿಗಳಿಲ್ಲ, ಇದ್ದಲ್ಲಿ ಹರಿಯುವುದಿಲ್ಲ. ಮದ್ಯಸಾರ ಕಾರ್ಖಾನೆಯ ದುರ್ವಾಸನೆಯ ತ್ಯಾಜ್ಯ ನೀರು ಬೀದಿಗೆ ಬಂದು ಬೀಳುತ್ತಿತ್ತು. ಪಕ್ಕದ ಕೊಳೆಗೇರಿಯ ಬಡವರಿಗೆ ಶೌಚಾಲಯವಿರಲಿಲ್ಲವಾದ್ದರಿಂದ ಅವರು ಬಯಲನ್ನೇ ಅವಲಂಬಿಸಿದ್ದರು. ಸೊಳ್ಳೆಗಳ ಕಾಟ ಬೇರೆ. ವಾರ್ಡಿನ ನಿವಾಸಿಗಳು ಘೋಷಣೆ ಕೂಗಲಿಲ್ಲ, ಕಚೇರಿಗೆ ಕಲ್ಲು ತೂರಲಿಲ್ಲ. ದಂಡ ಪ್ರಕ್ರಿಯಾ ಸಂಹಿತೆಯ 133ನೇ ವಿಧಿಯನ್ನು ಹಿಡಿದುಕೊಂಡು ಉಪವಿಭಾಗ ದಂಡಾಧಿಕಾರಿಯ ಬಳಿಗೆ ಹೋದರು. ಸಾರ್ವಜನಿಕ ಉಪದ್ರವವನ್ನು ನಿವಾರಿಸುವಂತೆ ಆದೇಶಿಸುವ ಅಧಿಕಾರವನ್ನು ದಂಡಾಧಿಕಾರಿಗೆ ಕೊಡುವ ವಿಧಿಯದು.

ದಂಡಾಧಿಕಾರಿಯು ವಿಚಾರಣೆ ನಡೆಸಿ, ಆರು ತಿಂಗಳೊಳಗೆ ಯೋಜನೆ ಸಿದ್ಧಪಡಿಸುವಂತೆ ನಗರಸಭೆಗೆ ಆದೇಶಿಸಿದರು. ಸೆಷನ್ಸ್ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಹೈಕೋರ್ಟು ದಂಡಾಧಿಕಾರಿಯ ಆದೇಶವನ್ನು ಎತ್ತಿಹಿಡಿಯಿತು. ಆಗ ನಗರಸಭೆ ಮಾಡಿದ್ದೇನು? ಚರಂಡಿ ತೋಡಲು ಹಣವಿಲ್ಲವೆಂದ ಸಂಸ್ಥೆ, ವಕೀಲರನ್ನಿಟ್ಟು ಸುಪ್ರೀಮ್ ಕೋರ್ಟಿಗೆ ಹೋಯಿತು! ಅಲ್ಲಿ ಅದು ಎರಡು ವಾದಗಳನ್ನು ಮಂಡಿಸಿತು. ಒಂದು, ನಮ್ಮಲ್ಲಿ ಹಣವಿಲ್ಲ. ಇನ್ನೊಂದು, ಆ ಜಾಗದ ಪರಿಸ್ಥಿತಿ ಗೊತ್ತಿದ್ದೇ ಇವರು ಅಲ್ಲಿ ಮನೆ ಮಾಡಿಕೊಂಡಿದ್ದಾರೆ. ಈ ಎರಡನೇ ವಾದವನ್ನು ನಾವೂ ಬೇರೆ ಬೇರೆ ರೂಪಗಳಲ್ಲಿ ಕೇಳಿದ್ದೇವಲ್ಲವೇ? "ಅಂಥ ಏರಿಯಾದಲ್ಲಿ ಇದ್ದರೆ ಹಾಗೇ" ಎಂಬ ಮಾತಿನ ಮೂಲ ಅದುವೇ.

1980ರ ಜುಲೈ 29ರಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಮತ್ತು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರ ಪೀಠ ತೀರ್ಪು ನೀಡಿತು. ಕೃಷ್ಣ ಅಯ್ಯರ್ ಅವರು 1957ರ ಕೇರಳ ಸಚಿವ ಸಂಪುಟದಲ್ಲಿ ಮಂತ್ರಿಯಾಗಿದ್ದವರು. ಸರಕಾರಿ ಕಡತಗಳು ಹೇಗೆ ನಡೆಯುತ್ತವೆ, ಹೇಗೆ ನಿಲ್ಲುತ್ತವೆ ಎಂಬುದು ಅವರಿಗೆ ತಿಳಿಯದ್ದಲ್ಲ. ಜನರ ಆರೋಗ್ಯವನ್ನು ಕಾಪಾಡುವುದಕ್ಕಾಗಿಯೇ ಹುಟ್ಟಿಕೊಂಡ ಸಂಸ್ಥೆಯೊಂದು ಹಣದ ಕೊರತೆಯ ನೆಪ ಹೇಳಿ ತನ್ನ ಮೂಲ ಕರ್ತವ್ಯದಿಂದ ನುಣುಚಿಕೊಳ್ಳುವಂತಿಲ್ಲ ಎಂಬುದು ಆ ತೀರ್ಪಿನ ಸಾರ. ಕಾರ್ಖಾನೆಯ ಕೊಳಚೆಯನ್ನು ತಕ್ಷಣ ನಿಲ್ಲಿಸಬೇಕು, ಆರು ತಿಂಗಳೊಳಗೆ ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕವಾಗಿ ಸಾಕಷ್ಟು ಸಾರ್ವಜನಿಕ ಶೌಚಾಲಯಗಳನ್ನು ಕಟ್ಟಬೇಕು, ನೀರು ಪೂರೈಸಬೇಕು, ಚರಂಡಿ ನಿರ್ಮಿಸಬೇಕು, ಕೊಳಚೆ ಗುಂಡಿಗಳನ್ನು ಮುಚ್ಚಬೇಕು, ತಪ್ಪಿದರೆ ಹೊಣೆಗಾರ ಅಧಿಕಾರಿಗಳ ಮೇಲೆ ಮೊಕದ್ದಮೆ ಹೂಡಬೇಕು ಎಂದು ನ್ಯಾಯಾಲಯ ನಿರ್ದೇಶಿಸಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬಯಲು ಶೌಚ ಮಾಡುತ್ತಿದ್ದ ಬಡವರ ಮೇಲೂ ನಿವಾಸಿಗಳಿಗೆ ಅಸಮಾಧಾನವಿತ್ತು. ಪೊಲೀಸರನ್ನು ಕಳುಹಿಸಿ ಅವರನ್ನು ಓಡಿಸಿ ಎಂದು ನ್ಯಾಯಾಲಯ ಹೇಳಬಹುದಿತ್ತು. ಹಾಗೆ ಹೇಳಲಿಲ್ಲ. ಅವರಿಗೆ ಶೌಚಾಲಯ ಕಟ್ಟಿಕೊಡಿ ಎಂದಿತು. ಒಂದೇ ಉಪದ್ರವ, ಆದರೆ ಪರಿಹಾರದ ದಾರಿ ಎರಡು. ಒಂದು ದಾರಿಯಲ್ಲಿ ಲಾಠಿ ಬರುತ್ತದೆ, ಇನ್ನೊಂದು ದಾರಿಯಲ್ಲಿ ಗಾರೆ ಕೆಲಸದವರು ಬರುತ್ತಾರೆ. ಯಾವುದೇ ನಗರಸಭೆಯ ನೈತಿಕತೆಯನ್ನು ಅಳೆಯಬೇಕಾದರೆ, ಅದು ಮೊದಲು ಯಾರನ್ನು ಕಳುಹಿಸುತ್ತದೆ ಎಂದು ನೋಡಿದರೆ ಸಾಕು.

ಆ ವಿಧಿ ಈಗಲೂ ಜೀವಂತವಾಗಿದೆ. 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹಳೆಯ 133ನೇ ವಿಧಿ ಈಗ 152ನೇ ವಿಧಿಯಾಗಿದೆ. ಸಾರ್ವಜನಿಕ ದಾರಿಗೆ ಅಡ್ಡಿ, ಆರೋಗ್ಯಕ್ಕೆ ಹಾನಿಕರವಾದ ಉದ್ಯಮ, ಬೀಳುವ ಸ್ಥಿತಿಯಲ್ಲಿರುವ ಕಟ್ಟಡ, ಬೇಲಿಯಿಲ್ಲದ ಬಾವಿ ಅಥವಾ ಗುಂಡಿ, ಅಪಾಯಕಾರಿ ಪ್ರಾಣಿ ಇವೆಲ್ಲವೂ ಅದರ ವ್ಯಾಪ್ತಿಯಲ್ಲಿವೆ. ನಮ್ಮ ರಾಜ್ಯದಲ್ಲಿ ಉಪವಿಭಾಗಾಧಿಕಾರಿಗಳೇ ಉಪವಿಭಾಗ ದಂಡಾಧಿಕಾರಿಗಳು. ಅವರು ಮೊದಲು ಷರತ್ತಿನ ಆದೇಶ ಹೊರಡಿಸುತ್ತಾರೆ. ಎದುರಾಳಿಗೆ ತನ್ನ ಮಾತು ಹೇಳುವ ಅವಕಾಶವಿರುತ್ತದೆ. ಸಾಕ್ಷ್ಯ ನೋಡಿದ ಬಳಿಕವಷ್ಟೇ ಆದೇಶ ಅಂತಿಮವಾಗುತ್ತದೆ. ಹಾಗಾಗಿ ಮನವಿ ಪತ್ರದ ಜೊತೆ ಫೋಟೋ, ದಿನಾಂಕ, ಹಿಂದೆ ಕೊಟ್ಟ ದೂರುಗಳ ಸ್ವೀಕೃತಿ, ಕಾಯಿಲೆ ಬಿದ್ದವರ ವೈದ್ಯಕೀಯ ಚೀಟಿ ಎಲ್ಲವನ್ನೂ ಲಗತ್ತಿಸಬೇಕು. ಬಾಯಿಮಾತಿನ ದೂರಿಗೆ ಕಡತವಿಲ್ಲ, ಕಡತವಿಲ್ಲದ್ದಕ್ಕೆ ಉತ್ತರವೂ ಇಲ್ಲ.

ಇನ್ನು ಕಾಮಗಾರಿಗಳ ವಿಚಾರ. ನಮ್ಮ ಓಣಿಗೆ ರಸ್ತೆ ಬಂತೆಂದರೆ ನಾವು ಕೌನ್ಸಿಲರ್ ಅವರಿಗೆ ಹಾರ ಹಾಕುತ್ತೇವೆ. ಆರು ತಿಂಗಳಲ್ಲಿ ಅದು ಕಿತ್ತುಹೋದರೆ ಹಣೆಬರಹವೆನ್ನುತ್ತೇವೆ. ಹಾರವೂ ಬೇಡ, ಹಣೆಬರಹವೂ ಬೇಡ. ಅದು ನಮ್ಮದೇ ತೆರಿಗೆಯ ಹಣ. 2005ರ ಮಾಹಿತಿ ಹಕ್ಕು ಕಾಯ್ದೆಯೆಂದರೆ ಕಾಗದ ಕೇಳುವ ಹಕ್ಕು ಮಾತ್ರವೆಂದು ಹಲವರು ಭಾವಿಸಿದ್ದಾರೆ. ವಸ್ತುತಃ ಆ ಕಾಯ್ದೆಯು ಕಾಮಗಾರಿಯನ್ನು ಖುದ್ದಾಗಿ ಪರಿಶೀಲಿಸುವ ಹಕ್ಕನ್ನೂ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನು ಪಡೆಯುವ ಹಕ್ಕನ್ನೂ ಕೊಟ್ಟಿದೆ. ಅಂದರೆ ನಿಮ್ಮ ಓಣಿಯ ಕಾಂಕ್ರೀಟಿನ ಒಂದು ತುಂಡನ್ನು ಕೇಳಿ ಪಡೆಯಬಹುದು. ಶುಲ್ಕ 10 ರೂಪಾಯಿ, ಉತ್ತರ ಕೊಡಬೇಕಾದ ಅವಧಿ 30 ದಿನ. ಅಂದಾಜು ಪಟ್ಟಿಯಲ್ಲಿ ಎಷ್ಟು ದಪ್ಪ ಬರೆದಿದೆ, ಅಳತೆ ಪುಸ್ತಕದಲ್ಲಿ ಎಷ್ಟು ಬರೆದಿದೆ, ನೆಲದ ಮೇಲೆ ಎಷ್ಟಿದೆ ಎಂದು ಮೂರನ್ನೂ ಹೋಲಿಸಿ ನೋಡಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಒಂದು ಅಳತೆಪಟ್ಟಿ ಸಾಕು.

2006ರ ನವೆಂಬರ್‌ನಲ್ಲಿ ಸಲ್ಲಿಕೆಯಾದ ನ್ಯಾಯಮೂರ್ತಿ ಸಾಚಾರ್ ಸಮಿತಿಯ ವರದಿಯನ್ನು ನಾವು ಶಿಕ್ಷಣ ಮತ್ತು ಉದ್ಯೋಗದ ಅಂಕಿಅಂಶಗಳಿಗಾಗಿ ಉಲ್ಲೇಖಿಸುತ್ತೇವೆ. ಅದರಲ್ಲಿ ಇನ್ನೊಂದು ಮಾತೂ ಇದೆ. ಭದ್ರತೆಯ ಭಯದಿಂದ ಮುಸ್ಲಿಮರು ಒಂದೇ ಕಡೆ ಗುಂಪಾಗಿ ವಾಸಿಸುತ್ತಿರುವುದರಿಂದ, ಅಂತಹ ಪ್ರದೇಶಗಳು ಸ್ಥಳೀಯ ಸಂಸ್ಥೆಗಳ ಮತ್ತು ಸರಕಾರದ ನಿರ್ಲಕ್ಷ್ಯಕ್ಕೆ ಸುಲಭವಾಗಿ ತುತ್ತಾಗುತ್ತಿವೆ ಎಂದು ಅದು ಗುರುತಿಸಿದೆ. ನಿರ್ಲಕ್ಷ್ಯ ನಿಜ. ಆದರೆ ನಿರ್ಲಕ್ಷ್ಯವನ್ನು ದಾಖಲಿಸದಿದ್ದರೆ ಅದು ವದಂತಿಯಾಗಿ ಉಳಿಯುತ್ತದೆ. ಐದು ವರ್ಷಗಳ ಬಜೆಟ್ಟನ್ನು ವಾರ್ಡುವಾರು ಬಿಡಿಸಿ ಪಡೆದು ನೋಡಿ. ನಮ್ಮ ವಾರ್ಡಿಗೆ ಅನ್ಯಾಯವಾಗಿದ್ದರೆ ಅದು ಅಂಕಿಯಾಗಿ ನಮ್ಮ ಕೈಯಲ್ಲಿರುತ್ತದೆ. ಆಗಿಲ್ಲವಾದರೆ ನಮ್ಮ ದೂರನ್ನು ನಾವೇ ತಿದ್ದಿಕೊಳ್ಳುವ ಪ್ರಾಮಾಣಿಕತೆ ನಮ್ಮಲ್ಲಿರಬೇಕು.

ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಚರಂಡಿ ಕಟ್ಟಿಕೊಂಡಾಗ ಯಾರನ್ನಾದರೂ ಕರೆಸಿ ಒಳಗೆ ಇಳಿಸುವುದು ನಮ್ಮ ಪಟ್ಟಣಗಳ ಹಳೆಯ ಚಾಳಿ. 2013ರ ಕಾಯ್ದೆಯು ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿಗೆ ಮನುಷ್ಯನನ್ನು ಇಳಿಸುವುದನ್ನು ಅಪರಾಧವೆಂದು ಸಾರಿದೆ. ಒಳಚರಂಡಿಯಲ್ಲಿ ಮಡಿದವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರವೆಂದು 2014ರಲ್ಲಿ ಸುಪ್ರೀಮ್ ಕೋರ್ಟ್ ಹೇಳಿತು, 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಬೇಕಾಗಿ ಬಂತೆಂದರೆ ಸಾವುಗಳು ನಿಂತಿಲ್ಲವೆಂದೇ ಅರ್ಥ. ನಮ್ಮ ಓಣಿ ಸ್ವಚ್ಛವಾಗಬೇಕು, ನಿಜ. ಆದರೆ ಇನ್ನೊಬ್ಬನ ಮಗನ ಉಸಿರಿನ ಬೆಲೆಯಲ್ಲಿ ಅಲ್ಲ.

ಈಗ ನಾಣ್ಯದ ಇನ್ನೊಂದು ಮುಖಕ್ಕೆ ಬರೋಣ. ಉಪದ್ರವ, ಅತಿಕ್ರಮಣ, ಅನಧಿಕೃತ ಕಟ್ಟಡ ಎಂಬ ಇದೇ ಶಬ್ದಗಳು ಇತ್ತೀಚಿನ ವರ್ಷಗಳಲ್ಲಿ ಬೇರೆಯೇ ಉದ್ದೇಶಕ್ಕೆ ಬಳಕೆಯಾದುದನ್ನು ನಾವು ನೋಡಿದೆವು. 2022ರ ಏಪ್ರಿಲ್‌ನಲ್ಲಿ ಮಧ್ಯಪ್ರದೇಶದ ಖರ್ಗೋನ್‌ನಲ್ಲಿ ಮತ್ತು ದಿಲ್ಲಿಯ ಜಹಾಂಗೀರ್‌ಪುರಿಯಲ್ಲಿ, 2023ರ ಆಗಸ್ಟ್‌ನಲ್ಲಿ ಹರ್ಯಾಣದ ನೂಹ್‌ನಲ್ಲಿ ಗಲಭೆಯ ಬೆನ್ನಿಗೇ ಬುಲ್ಡೋಜರ್‌ಗಳು ಬಂದವು. ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದ ಅತಿಕ್ರಮಣ, ಗಲಭೆಯಾದ ಮರುದಿನವೇ ಕಣ್ಣಿಗೆ ಬಿದ್ದದ್ದು ಹೇಗೆ? ಪುರಸಭೆಯ ಕಟ್ಟಡ ನಿಯಮವನ್ನು ಪೊಲೀಸ್ ಶಿಕ್ಷೆಯ ರೂಪದಲ್ಲಿ ಬಳಸಲಾಯಿತೆಂಬ ಆಕ್ಷೇಪ ದೇಶದಾದ್ಯಂತ ಕೇಳಿ ಬಂತು.

2024ರ ನವೆಂಬರ್ 13ರಂದು ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ ಅವರ ಪೀಠ ಇದಕ್ಕೆ ಲಗಾಮು ಹಾಕಿತು. ಒಬ್ಬ ವ್ಯಕ್ತಿ ಆರೋಪಿಯೆಂಬ ಕಾರಣಕ್ಕಾಗಲಿ, ಅಪರಾಧಿಯೆಂಬ ಕಾರಣಕ್ಕಾಗಲಿ ಆತನ ಮನೆ ಕೆಡವುವಂತಿಲ್ಲ, ಕಾರ್ಯಾಂಗವು ನ್ಯಾಯಾಧೀಶನ ಸ್ಥಾನದಲ್ಲಿ ಕೂರುವಂತಿಲ್ಲ ಎಂದಿತು. ಆ ತೀರ್ಪಿನ ಮುಖ್ಯ ಅಂಶಗಳನ್ನು ಪ್ರತಿ ಮನೆಯವರೂ ತಿಳಿದಿರಬೇಕು. ತೆರವಿಗೆ ಮೊದಲು ಕಾರಣ ಕೇಳಿ ನೋಟಿಸು ಕೊಡಬೇಕು. ಅದು ತಲುಪಿದ ದಿನದಿಂದ ಕನಿಷ್ಠ 15 ದಿನ, ಅಥವಾ ಸ್ಥಳೀಯ ಕಾನೂನು ಅದಕ್ಕಿಂತ ಹೆಚ್ಚು ಕಾಲಾವಕಾಶ ಕೊಟ್ಟಿದ್ದರೆ ಅಷ್ಟು ದಿನ ಕಾಯಬೇಕು. ನೋಟಿಸನ್ನು ನೋಂದಾಯಿತ ಅಂಚೆಯಲ್ಲಿ ಕಳುಹಿಸಬೇಕು, ಕಟ್ಟಡಕ್ಕೂ ಅಂಟಿಸಬೇಕು. ಹಿಂದಿನ ದಿನಾಂಕ ಹಾಕಿದ ನೋಟಿಸಿನ ಆಟ ನಡೆಯದಂತೆ ಜಿಲ್ಲಾಧಿಕಾರಿಯ ಕಚೇರಿಗೆ ಕೂಡಲೇ ಮಾಹಿತಿ ಹೋಗಬೇಕು. ಮಾಲಿಕನ ಅಹವಾಲು ಕೇಳಬೇಕು. ಕಾರಣ ಬರೆದ ಅಂತಿಮ ಆದೇಶ ಕೊಟ್ಟ ಮೇಲೂ 15 ದಿನ ಬಿಡಬೇಕು. ತೆರವು ಕಾರ್ಯವನ್ನು ವಿಡಿಯೊ ಚಿತ್ರೀಕರಿಸಬೇಕು. ಇವುಗಳನ್ನು ಮುರಿದ ಅಧಿಕಾರಿಯು ಸ್ವಂತ ಹಣದಿಂದ ಮರುನಿರ್ಮಾಣದ ವೆಚ್ಚ ಭರಿಸಬೇಕಾದೀತು. ಇದು ಬರಿಯ ಉಪದೇಶವಲ್ಲ. 2021ರಲ್ಲಿ ಪ್ರಯಾಗರಾಜ್‌ನಲ್ಲಿ ಮನೆಗಳನ್ನು ಅವಸರದಿಂದ ಕೆಡವಿದ ಪ್ರಕರಣದಲ್ಲಿ, ಮನೆ ಕಳೆದುಕೊಂಡವರಿಗೆ ತಲಾ 10 ಲಕ್ಷ ರೂಪಾಯಿ ಕೊಡುವಂತೆ ಅಲ್ಲಿನ ಅಭಿವೃದ್ಧಿ ಪ್ರಾಧಿಕಾರಕ್ಕೆ 2025ರ ಏಪ್ರಿಲ್ 1ರಂದು ಸುಪ್ರೀಮ್ ಕೋರ್ಟ್ ಆದೇಶಿಸಿತು.

ಆದರೆ ಸಹೋದರರೇ, ತೀರ್ಪಿನ ಒಂದು ಭಾಗವನ್ನು ಹೇಳಿ ಇನ್ನೊಂದನ್ನು ಮರೆಮಾಚಿದರೆ ನಾನು ನಿಮಗೆ ದ್ರೋಹ ಬಗೆದಂತೆ. ರಸ್ತೆ, ಕಾಲುದಾರಿ, ರೈಲು ಹಳಿಯ ಪಕ್ಕ, ನದಿ ಅಥವಾ ಜಲಮೂಲಗಳ ಮೇಲಿನ ಅನಧಿಕೃತ ನಿರ್ಮಾಣಗಳಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ ಎಂದು ಅದೇ ತೀರ್ಪು ಹೇಳಿದೆ. ನಮ್ಮ ತಂದೆಯವರ ಚಪ್ಪಡಿಗೆ ಈ ತೀರ್ಪಿನಲ್ಲಿ ಆಶ್ರಯವಿಲ್ಲ. ಇರಲೂಬಾರದು. ಅನ್ಯಾಯದ ಬುಲ್ಡೋಜರನ್ನು ಪ್ರಶ್ನಿಸುವ ನೈತಿಕ ಬಲ ನಮಗಿರಬೇಕಾದರೆ ನಮ್ಮ ಮೆಟ್ಟಿಲು ದಾರಿಗೆ ಚಾಚಿರಬಾರದು. ದಾರಿಯಲ್ಲಿ ಬಿದ್ದ ತೊಂದರೆಯನ್ನು ಸರಿಸುವುದು ಪುಣ್ಯಕಾರ್ಯವೆಂದು ಕಲಿತ ಸಮುದಾಯ, ದಾರಿಗೆ ತೊಂದರೆಯನ್ನು ತಂದು ಹಾಕುವುದೆಂದರೇನು?

ಬೀದಿಬದಿಯಲ್ಲಿ ವ್ಯಾಪಾರ ಮಾಡಿ ಸಂಸಾರ ಸಾಗಿಸುವ ನಮ್ಮ ಸಹೋದರರ ವಿಷಯ ಬೇರೆ. ಅವರನ್ನು ಅತಿಕ್ರಮಣಕಾರರೆಂದು ಒಂದೇ ಮಾತಿನಲ್ಲಿ ಓಡಿಸುವಂತಿಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಪೂರ್ತಿಯಾಗಿ ಪ್ರಮಾಣಪತ್ರ ಕೊಡುವ ತನಕ ತೆರವು ಕೂಡದು. ಸ್ಥಳಾಂತರಿಸಬೇಕಾದರೆ 30 ದಿನಗಳ ನೋಟಿಸು ಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು. ನಿಮ್ಮ ಪಟ್ಟಣದ ಸಮಿತಿಯಲ್ಲಿ ತಳ್ಳುಗಾಡಿಯವರು ಯಾರಿದ್ದಾರೆ? ನಾಳೆಯೇ ವಿಚಾರಿಸಿ ನೋಡಿ.

ಮೂರನೆಯದು ಪೊಲೀಸ್. ನಮ್ಮ ದೇಶದಲ್ಲಿ ಪೊಲೀಸ್ ವ್ಯವಸ್ಥೆ ರಾಜ್ಯ ಸರಕಾರದ ಅಧೀನ. ಹನ್ನೆರಡನೇ ಅನುಸೂಚಿಯ 18 ವಿಷಯಗಳಲ್ಲಿ ಅದಿಲ್ಲ. ಪುರಸಭೆಯ ಅಧ್ಯಕ್ಷರಿಗೆ ಠಾಣೆಯ ಮೇಲೆ ಅಧಿಕಾರವಿಲ್ಲ. ಇದು ಕೊರತೆಯೆಂದು ವಾದಿಸುವವರಿದ್ದಾರೆ. ಆದರೆ ಪೊಲೀಸರನ್ನು ನಗರಸಭೆಯ ಕೈಗೆ ಕೊಟ್ಟ ಮಾತ್ರಕ್ಕೆ ಎಲ್ಲವೂ ಸರಿಹೋಗದು ಎಂಬುದಕ್ಕೆ ಅಮೆರಿಕದ ಒಂದು ಪುಟ್ಟ ಪಟ್ಟಣ ಸಾಕ್ಷಿ.

ಮಿಸೌರಿ ರಾಜ್ಯದ ಫರ್ಗ್ಯೂಸನ್. ಜನಸಂಖ್ಯೆ ಸುಮಾರು 21,000. ನಮ್ಮ ಲೆಕ್ಕದಲ್ಲಿ ಒಂದು ಸಣ್ಣ ಪುರಸಭೆ. 2014ರ ಆಗಸ್ಟ್ 9ರಂದು ಮೈಕೆಲ್ ಬ್ರೌನ್ ಎಂಬ 18 ವರ್ಷದ ಕರಿಯ ಯುವಕ ಪೊಲೀಸ್ ಅಧಿಕಾರಿಯ ಗುಂಡಿಗೆ ಬಲಿಯಾದಾಗ ಆ ಊರು ಹೊತ್ತಿ ಉರಿಯಿತು. ಆ ಅಧಿಕಾರಿಯ ಮೇಲೆ ಮೊಕದ್ದಮೆ ದಾಖಲಾಗಲಿಲ್ಲ. ಆದರೆ ಅಮೆರಿಕದ ನ್ಯಾಯಾಂಗ ಇಲಾಖೆ ಇಡೀ ನಗರಾಡಳಿತದ ತನಿಖೆ ನಡೆಸಿ 2015ರ ಮಾರ್ಚ್ 4ರಂದು ವರದಿ ಪ್ರಕಟಿಸಿತು. ಅದು ಹೊರಹಾಕಿದ ಸತ್ಯಗಳು ಗುಂಡಿನ ಸದ್ದಿಗಿಂತಲೂ ಭಯಾನಕವಾಗಿದ್ದವು.

ಆ ನಗರ ತನ್ನ ಬಜೆಟ್ಟನ್ನು ದಂಡದ ಹಣದಿಂದ ತುಂಬಿಸುತ್ತಿತ್ತು. 2010ರಲ್ಲಿ 1 ಕೋಟಿ 10.7 ಲಕ್ಷ ಡಾಲರ್ ಸಾಮಾನ್ಯ ಆದಾಯದಲ್ಲಿ ದಂಡದ ಪಾಲು 13.8 ಲಕ್ಷ. 2015ರ ಬಜೆಟ್ಟಿನಲ್ಲಿ 1 ಕೋಟಿ 32.6 ಲಕ್ಷದಲ್ಲಿ 30.9 ಲಕ್ಷ ಡಾಲರ್ ದಂಡದಿಂದಲೇ ಬರುವುದೆಂದು ಅಂದಾಜಿಸಲಾಗಿತ್ತು. ಅಂದರೆ ಎಂಟನೇ ಒಂದು ಪಾಲು ಐದು ವರ್ಷಗಳಲ್ಲಿ ಹತ್ತಿರ ಹತ್ತಿರ ಕಾಲು ಭಾಗವಾಯಿತು. ಅಂಗಳದಲ್ಲಿ ಹುಲ್ಲು ಎತ್ತರಕ್ಕೆ ಬೆಳೆದದ್ದಕ್ಕೆ 531 ಡಾಲರ್, ರಸ್ತೆಯಲ್ಲಿ ನಡೆದ ರೀತಿ ಸರಿಯಿಲ್ಲವೆಂದು 302 ಡಾಲರ್ ದಂಡ ವಿಧಿಸಿದ ಉದಾಹರಣೆಗಳು ವರದಿಯಲ್ಲಿವೆ. 2007ರಲ್ಲಿ ತಪ್ಪು ಜಾಗದಲ್ಲಿ ಕಾರು ನಿಲ್ಲಿಸಿದ ಒಬ್ಬ ಬಡ ಮಹಿಳೆಗೆ 151 ಡಾಲರ್ ದಂಡ ಬಿತ್ತು. ಕಟ್ಟಲಾಗದೆ ಆಕೆ ಎರಡು ಬಾರಿ ಬಂಧನಕ್ಕೊಳಗಾದಳು, ಆರು ದಿನ ಸೆರೆಮನೆಯಲ್ಲಿದ್ದಳು, ಒಟ್ಟು 550 ಡಾಲರ್ ಕಟ್ಟಿದಳು. ಆದರೂ 2014ರ ಡಿಸೆಂಬರ್‌ನಲ್ಲಿ ಆಕೆಯ ಮೇಲೆ ಇನ್ನೂ 541 ಡಾಲರ್ ಬಾಕಿಯಿತ್ತು! ಜನಸಂಖ್ಯೆಯಲ್ಲಿ ಶೇ. 67ರಷ್ಟಿದ್ದ ಕರಿಯರು ಬಂಧನಗಳಲ್ಲಿ ಶೇ. 93ರಷ್ಟಿದ್ದರು. ಯಾರೋ ಒಬ್ಬ ಕ್ರೂರ ಪೊಲೀಸನಿಂದ ಹೀಗಾದುದಲ್ಲ. ಬಜೆಟ್ ಸಭೆಯಲ್ಲಿ, ಸಭ್ಯ ಭಾಷೆಯಲ್ಲಿ, ಅಂಕಿಗಳ ರೂಪದಲ್ಲಿ ಕೈಗೊಂಡ ತೀರ್ಮಾನಗಳಿಂದ ಹೀಗಾಯಿತು. 2016ರಲ್ಲಿ ಫರ್ಗ್ಯೂಸನ್ ನಗರ ಮಂಡಳಿಯು ಸುಧಾರಣೆಯ ಒಪ್ಪಂದಕ್ಕೆ ಮೊದಲು ತಕರಾರು ತೆಗೆದು, ಸರಕಾರವು ಮೊಕದ್ದಮೆ ಹೂಡಿದ ಬಳಿಕ ಮಾರ್ಚ್‌ನಲ್ಲಿ ಒಪ್ಪಿಕೊಂಡಿತು.

ನಮಗಿರುವ ಪಾಠವೇನು? ಪುರಸಭೆಗೆ ಪೊಲೀಸರ ಮೇಲೆ ಅಧಿಕಾರವಿರಲಿ, ಇಲ್ಲದಿರಲಿ, ಅದರ ತೀರ್ಮಾನಗಳು ಠಾಣೆಯ ಬಾಗಿಲು ಮುಟ್ಟುತ್ತವೆ. ಬೀದಿದೀಪ ಉರಿಯದ ಓಣಿಯಲ್ಲಿ ಕಳ್ಳತನ ಹೆಚ್ಚುತ್ತದೆ, ಮತ್ತೆ ಆ ಓಣಿಯ ಹುಡುಗರೇ ಅನುಮಾನಕ್ಕೆ ಗುರಿಯಾಗುತ್ತಾರೆ. ಆಟದ ಮೈದಾನವಿಲ್ಲದ ವಾರ್ಡಿನಲ್ಲಿ ಯುವಕರು ರಸ್ತೆಯಂಚಿನಲ್ಲಿ ಕೂರುತ್ತಾರೆ, ಬಳಿಕ ಅದೇ ಅಪರಾಧವಾಗಿ ಕಾಣತೊಡಗುತ್ತದೆ. ಗಾರೆಯವರನ್ನು ಕಳುಹಿಸಬೇಕಾದಲ್ಲಿ ಕಳುಹಿಸದಿದ್ದರೆ ಕೊನೆಗೆ ಲಾಠಿ ಬರುತ್ತದೆ. ರತ್ಲಾಮ್ ಮತ್ತು ಫರ್ಗ್ಯೂಸನ್ ಎರಡೂ ಹೇಳುವುದು ಒಂದೇ ಸತ್ಯವನ್ನು. ಒಂದು ಅದನ್ನು ನೇರವಾಗಿ ಹೇಳಿತು, ಇನ್ನೊಂದು ತಲೆಕೆಳಗಾಗಿ ಹೇಳಿತು.

ಪೊಲೀಸರಿಂದ ಅನ್ಯಾಯವಾದರೆ ದಾರಿಯೇ ಇಲ್ಲವೆಂದಲ್ಲ. 2006ರ ಸೆಪ್ಟೆಂಬರ್ 22ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಸುಪ್ರೀಮ್ ಕೋರ್ಟ್, ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಪೊಲೀಸ್ ದೂರು ಪ್ರಾಧಿಕಾರಗಳನ್ನು ರಚಿಸುವಂತೆ ಹೇಳಿತು. ಕರ್ನಾಟಕದಲ್ಲೂ ಅದಕ್ಕೆ ಕಾನೂನಿದೆ. ಆದರೆ ದೂರು ಪ್ರಾಧಿಕಾರಕ್ಕೆ ಹೋಗುವುದಕ್ಕಿಂತ ಮೊದಲು ಠಾಣೆಯ ಶಾಂತಿ ಸಭೆಗಳಿಗೆ ನಾವು ಯಾರನ್ನು ಕಳುಹಿಸುತ್ತಿದ್ದೇವೆ ಎಂದೂ ಕೇಳಿಕೊಳ್ಳಬೇಕು. ಪ್ರತಿ ವರ್ಷ ಅದೇ ನಾಲ್ಕು ಮುಖಗಳು, ಅದೇ ಚಹಾ, ಅದೇ ಆಶ್ವಾಸನೆ. ಅಲ್ಲಿ ಒಬ್ಬ ಶಿಕ್ಷಕಿ, ಒಬ್ಬ ಯುವ ವಕೀಲ, ಒಬ್ಬ ತರಕಾರಿ ವ್ಯಾಪಾರಿ ಯಾಕಿರಬಾರದು?

ಮಹಿಳೆಯರ ಕುರಿತು ಎರಡು ಮಾತು. ನಮ್ಮ ರಾಜ್ಯದ ನಗರ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ನಮ್ಮಿಂದಲೂ ಸಹೋದರಿಯರು ಆಯ್ಕೆಯಾಗುತ್ತಿದ್ದಾರೆ. ಆದರೆ ಸಭೆಯಲ್ಲಿ ಮಾತಾಡುವುದು ಎಷ್ಟೋ ಕಡೆ ಅವರ ಪತಿ ಅಥವಾ ಸಹೋದರ. ನಲ್ಲಿಯ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಅದರ ಬಣ್ಣವೇನು, ವಾಸನೆಯೇನು ಎಂದು ಸರಿಯಾಗಿ ಗೊತ್ತಿರುವುದು ಮನೆಯ ಹೆಂಗಸಿಗೆ. ಅದನ್ನು ಸಭೆಯಲ್ಲಿ ಹೇಳಬೇಕಾದವರೂ ಅವರೇ. ಗೆದ್ದ ಸಹೋದರಿಯ ಹಿಂದಿನ ಕುರ್ಚಿಯನ್ನು ದಯವಿಟ್ಟು ಖಾಲಿ ಬಿಡಿ.

ಇನ್ನು ಮುಗಿಸುತ್ತೇನೆ. ಈ ಸಭೆಯಿಂದ ಎದ್ದು ಹೋಗುವ ಮುನ್ನ ಮೂರು ಕೆಲಸಗಳನ್ನು ಒಪ್ಪಿಕೊಳ್ಳೋಣ. ಮೊದಲನೆಯದಾಗಿ, ಪ್ರತಿಯೊಬ್ಬರೂ ಮನೆಯ ಖಾತೆ, ತೆರಿಗೆ ರಶೀದಿ, ಕಟ್ಟಡ ಪರವಾನಿಗೆ ಮತ್ತು ನಕ್ಷೆಯನ್ನು ಒಂದು ಚೀಲದಲ್ಲಿ ಸೇರಿಸಿಡಿ. ಇಲ್ಲದ್ದನ್ನು ಈಗಲೇ ಅರ್ಜಿ ಹಾಕಿ ಪಡೆಯಿರಿ. ಸಂಕಟ ಬಂದ ದಿನ ಕಾಗದ ಹುಡುಕಿದರೆ ಸಿಗುವುದಿಲ್ಲ. ಎರಡನೆಯದಾಗಿ, ಪ್ರತಿ ವಾರ್ಡಿನಲ್ಲೂ ನಾಲ್ಕೈದು ಮಂದಿ ಸೇರಿ ಒಂದು ದೂರು ಪುಸ್ತಕ ಇಡಿ. ಏನು ಕೊಟ್ಟೆವು, ಯಾವಾಗ ಕೊಟ್ಟೆವು, ಏನು ಉತ್ತರ ಬಂತು ಎಂದು ಬರೆದಿಡಿ. ಆ ನಾಲ್ಕೈದು ಮಂದಿಯಲ್ಲಿ ಪಕ್ಕದ ಬೀದಿಯ ಹಿಂದೂ ಸಹೋದರರೂ, ಕ್ರೈಸ್ತ ಸಹೋದರರೂ ಇರಲಿ. ಕೊಳಚೆ ನೀರು ಹೆಸರು ಕೇಳಿ ಮನೆಯೊಳಗೆ ಬರುವುದಿಲ್ಲ. ಚರಂಡಿಗಾಗಿ ಒಟ್ಟಿಗೆ ಅರ್ಜಿ ಹಿಡಿದು ನಿಂತವರು ಗಲಭೆಯ ದಿನ ಎದುರುಬದುರು ನಿಲ್ಲುವುದು ಕಷ್ಟ.

ಮೂರನೆಯ ಕೆಲಸ ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕಠಿಣ. ಇವತ್ತು ಮನೆಗೆ ಹೋದ ಕೂಡಲೇ ಬಾಗಿಲ ಮುಂದೆ ನಿಂತು ಕೆಳಗೆ ನೋಡಿ. ನಿಮ್ಮ ಅಂಗಡಿಯ, ನಿಮ್ಮ ಮನೆಯ ಚಪ್ಪಡಿಯ ಅಡಿಯಲ್ಲಿ ನೀರು ಹರಿಯುತ್ತಿದೆಯೇ ಎಂದು ನೋಡಿ. ಹರಿಯದಿದ್ದರೆ ನೋಟಿಸು ಬರುವ ತನಕ ಕಾಯಬೇಡಿ. ಆ ನೀರು ನಿಂತಲ್ಲಿ ಯಾರದೋ ಮಗಳು ಕಾಯಿಲೆ ಬೀಳುತ್ತಾಳೆ, ಯಾರದೋ ರಿಕ್ಷಾ ಮಾರಿ ಹೋಗುತ್ತದೆ. ನಮ್ಮ ಕಲ್ಲನ್ನು ನಾವೇ ಎತ್ತಿದ ಬಳಿಕ ಪುರಸಭೆಯ ಮೆಟ್ಟಿಲು ಹತ್ತೋಣ. ಆಗ ನಮ್ಮ ಸ್ವರದಲ್ಲಿ ಅಳುಕಿರುವುದಿಲ್ಲ, ಕೇಳುವವರಿಗೆ ನುಣುಚಿಕೊಳ್ಳಲು ನೆಪವೂ ಇರುವುದಿಲ್ಲ.